ಡೈವೋರ್ಸ್ ಜಾಸ್ತಿ ಆಗಿದೆಯೋ, ಈಗ ಲೆಕ್ಕಕ್ಕೆ ಸಿಗುತ್ತಿದೆಯೋ?

"ಹೆಣ್ಣುಮಕ್ಕಳು ಓದಿ ಸಂಬಳ ತರೋಕೆ ಶುರು ಮಾಡಿದ ಮೇಲೇ ಡೈವೋರ್ಸ್ ಜಾಸ್ತಿ, ಮದುವೆ ಕಡಿಮೆ ಆಗಿದ್ದು ಅಲ್ವಾ?" ಅಂತ ಕೇಳಿದ್ದೀರಿ. ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ನಮ್ಮ ಸೋದರತ್ತೆಯ ಕಥೆ ಹೇಳಬೇಕು.

ನಮ್ಮದು ಮದ್ದೂರು ಕಡೆ ಹಳ್ಳಿ. ಅತ್ತೆ ಮದುವೆಯಾದ ಎರಡೇ ವರ್ಷಕ್ಕೆ ಒಂದು ಟ್ರಂಕು ಹಿಡಿದು ತವರಿಗೆ ಬಂದರು. ಊರಿನ ಹಿರಿಯರು ಜಗಲಿ ಮೇಲೆ ಕೂತು ನ್ಯಾಯ ಮಾಡಿ ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ಅತ್ತೆ ಹೋಗಲಿಲ್ಲ. ಅವತ್ತಿಂದ ಹಿಂದಿನ ಕೋಣೆಯೇ ಅವರ ಮನೆ. ಆ ಮನುಷ್ಯ ಬೇರೆ ಸಂಸಾರ ಮಾಡಿಕೊಂಡ. ಇವರ ಕೊರಳಲ್ಲಿ ತಾಳಿ ಹಾಗೇ ಇದೆ. 2011ರ ಜನಗಣತಿಗೆ ಬಂದ ಮೇಷ್ಟ್ರು ಕೇಳಿದಾಗ ಅಜ್ಜಿ ಒಳಗಿನಿಂದಲೇ "ಮದ್ವೆ ಆಗೈತೆ ಅಂತ ಬರ್ಕೊಳಿ" ಅಂದರು. ಮುಗೀತು. ಸರ್ಕಾರದ ಪುಸ್ತಕದಲ್ಲಿ ಸುಖ ಸಂಸಾರ!

ಆ ಗಣತಿಯಲ್ಲಿ ಇಡೀ ದೇಶದಲ್ಲಿ ಡೈವೋರ್ಸ್ ಆದವರು ಸುಮಾರು 13.6 ಲಕ್ಷ. ಡೈವೋರ್ಸ್ ಇಲ್ಲದೆ ಸುಮ್ನೆ ಬೇರೆ ಇರುವವರು ಸುಮಾರು 35 ಲಕ್ಷ. ನಮ್ಮತ್ತೆ ಎರಡರಲ್ಲೂ ಇಲ್ಲ.

ಈಗ ಚಿಕ್ಕಪ್ಪನ ಮಗಳ ವಿಷಯ. ಅವಳ ಕೇಸಿಗೆ ಅಂತ ಬೆಂಗಳೂರಿನ ಫ್ಯಾಮಿಲಿ ಕೋರ್ಟಿಗೆ ನಾನೂ ನಾಲ್ಕೈದು ಸಲ ಹೋಗಿದ್ದೆ. ಚಿಕ್ಕಪ್ಪ ಕೇಸಿನ ಫೈಲನ್ನು ಹಾಕಿಕೊಂಡು ಬರುತ್ತಿದ್ದದ್ದು ಒಡವೆ ಅಂಗಡಿಯ ಬಟ್ಟೆ ಚೀಲದಲ್ಲಿ. ಮದುವೆ ಒಡವೆ ತಂದ ಅದೇ ಚೀಲ. ಅವರಿಗೆ ಅದು ಹೊಳೆದೂ ಇರಲಿಲ್ಲ ಅನ್ನಿಸುತ್ತೆ.

ಜಗಳ ಇಬ್ಬರ ಸಂಸಾರದಲ್ಲೂ ಇತ್ತು. ಆದರೆ ಇವಳು ಅದೇ ವಾರ ಪಿಜಿಗೆ ಅಡ್ವಾನ್ಸ್ ಕಟ್ಟಿದಳು. ಅತ್ತೆ ಬಂದಾಗ ಬಸ್ ಚಾರ್ಜೂ ಅಜ್ಜನೇ ಕೊಟ್ಟಿದ್ದು. ನೀವು ಹೇಳುವ ಸಂಬಳದ ಮಾತನ್ನು ಇಷ್ಟರ ಮಟ್ಟಿಗೆ ಒಪ್ಪುತ್ತೇನೆ.

ಕಾನೂನೂ ಬದಲಾಗಿದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲು ಒಬ್ಬರು ಇನ್ನೊಬ್ಬರ ತಪ್ಪು ತೋರಿಸಬೇಕಿತ್ತು. ಇಬ್ಬರೂ ಒಪ್ಪಿ ಬಿಡಿಸಿಕೊಳ್ಳುವ ದಾರಿ ಬಂದಿದ್ದು 1976ರಲ್ಲಿ. ಅದಕ್ಕಿರುವ ಆರು ತಿಂಗಳ ಕಾಯುವಿಕೆಯನ್ನೂ ಕೋರ್ಟ್ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇನ್ನು ಮದುವೆ ಕಡಿಮೆ ಆಗಿರೋದು. 2023ರ ಫೆಬ್ರವರಿಯಲ್ಲಿ ನಮ್ಮ ಕಡೆಯ ಹುಡುಗರು, ಜಾಸ್ತಿ ರೈತರೇ, ಹೆಣ್ಣು ಸಿಗಲಿ ಅಂತ ಕೆ.ಎಂ.ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಕೊಂಡು ಹೋದರು. ಟೀವಿಯವರು ನಕ್ಕರು. ನನಗೆ ನಗು ಬರಲಿಲ್ಲ, ಅದರಲ್ಲಿ ನನ್ನ ಜೊತೆ ಓದಿದವನೂ ಇದ್ದ. ಅದೇ ವರ್ಷದ ಕೊನೆಗೆ ನಮ್ಮದೇ ಜಿಲ್ಲೆಯ ಒಂದು ಆಲೆಮನೆಯಲ್ಲಿ ಕದ್ದುಮುಚ್ಚಿ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ಪತ್ತೆ ಹಚ್ಚುತ್ತಿದ್ದ ಜಾಲ ಸಿಕ್ಕಿಬಿತ್ತು. ಹೆಣ್ಣು ಸಿಗ್ತಿಲ್ಲ ಅನ್ನುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ?

ನಮ್ಮ ಪಕ್ಕದ ಮನೆಯವರ ಮಗನಿಗೆ 36. ಮೂರು ಎಕರೆ ಗದ್ದೆ, ಎರಡು ಸೀಮೆಹಸು, ಒಂದು ಚಟವಿಲ್ಲ. "ಈಗಿನ ಹುಡುಗೀರಿಗೆ ಸಗಣಿ ಎತ್ತೋಕೆ ಅಸಹ್ಯ" ಅಂತ ಅವನ ತಾಯಿ ಸಿಕ್ಕವರ ಹತ್ತಿರವೆಲ್ಲ ಗೊಣಗುತ್ತಾರೆ. ಅವರ ಮಗಳಿಗೆ ಎರಡು ರೈತರ ಸಂಬಂಧ ಬಂದಿದ್ದವು. ಎರಡನ್ನೂ ಬಿಟ್ಟು, ಬೆಂಗಳೂರಲ್ಲಿ ಕಂಪನಿ ಕೆಲಸ ಇರುವವನಿಗೆ ಕೊಟ್ಟರು.