ರೊಕ್ಕ ಕೊಡಲಾ, ಬೇಡವಾ ಎಂದು ಕೇಳುವ ತಾಯಂದಿರಿಗೆ

ಧಾರವಾಡದಲ್ಲಿ ಮನೋವೈದ್ಯನಾಗಿ ಕೂತು ಇಪ್ಪತ್ತು ವರ್ಷ ದಾಟಿತು. ಚಟಕ್ಕೆ ಬಿದ್ದ ಮಕ್ಕಳ ಬಗ್ಗೆ ತಂದೆತಾಯಿ ಬರೆಯುವ ಪತ್ರಗಳಲ್ಲಿ ಅವೇ ಐದಾರು ಪ್ರಶ್ನೆ ತಿರುಗಿ ತಿರುಗಿ ಬರುತ್ತವೆ. ಕೆಲವಕ್ಕೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಆದರೂ ಕೊಡುತ್ತೇನೆ, ಯಾಕೆಂದರೆ ಅವೇ ತಪ್ಪುಗಳಿಗೆ ಈಗಲೂ ಹುಡುಗರು ಬಲಿಯಾಗುತ್ತಿದ್ದಾರೆ. ಕಣ್ಣು ಕೆಂಪಾಗಿದೆಯಾ ನೋಡಿ, ಜೇಬು ತಡಕಿ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಪತ್ರ ಬರೆಯುವ ಹೊತ್ತಿಗೆ ನಿಮಗೆ ಅದೆಲ್ಲ ಗೊತ್ತಾಗಿರುತ್ತದೆ.

ಮಗನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿದರೆ ಕುಡಿತ ಬಿಡಿಸುವ ಪುಡಿ ಇದೆಯಂತೆ. ಕೊಡಬಹುದಾ? (ರಾಣೆಬೆನ್ನೂರಿನಿಂದ ಒಬ್ಬ ತಂದೆ)

ಕೊಡಬೇಡಿ. ಈ ಪ್ರಶ್ನೆಗೆ ಉತ್ತರ ಬರೆಯುವಾಗ ನನಗೆ ಪ್ರತಿ ಸಲ ಸಿಟ್ಟು ಬರುತ್ತದೆ. ಸಿಟ್ಟು ನಿಮ್ಮ ಮೇಲಲ್ಲ, ಗೋಡೆಗೆ ಚೀಟಿ ಅಂಟಿಸಿ ಈ ಪುಡಿ ಮಾರುವವರ ಮೇಲೆ. ಅದರಲ್ಲಿ ಏನಿದೆ ಎಂದು ಅವರು ಹೇಳುವುದಿಲ್ಲ. ಡೈಸಲ್ಫಿರಾಮ್ ಎಂಬ ಔಷಧ ಬೆರೆತಿದ್ದರೆ, ಅದರ ಮೇಲೆ ಕುಡಿದಾಗ ವಾಂತಿ ಶುರುವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಕುಸಿಯುತ್ತದೆ. ಜೀವವೂ ಹೋಗಬಹುದು. ಅದನ್ನು ನಾವೂ ಕೊಡುತ್ತೇವೆ. ಆದರೆ ರೋಗಿಗೆ ಎಲ್ಲ ತಿಳಿಸಿ, ಅವನು ಒಪ್ಪಿದ ಮೇಲೆ, ತಪಾಸಣೆ ಮಾಡಿ ಕೊಡುತ್ತೇವೆ. ಒಂದು ರಾತ್ರಿ ಹೀಗೇ ಒಬ್ಬ ಹುಡುಗನನ್ನು ಎತ್ತಿಕೊಂಡು ಬಂದರು. ಮುಖ, ಎದೆ ಎಲ್ಲ ಕೆಂಪು. ಬಿಪಿಯ ಮೇಲಿನ ಅಂಕಿ 70. ಅವನ ತಾಯಿ ಸೆರಗಿನೊಳಗಿಂದ ಸಣ್ಣ ಸ್ಟೀಲ್ ಡಬ್ಬಿ ತೆಗೆದು, 'ಇದನ್ನ ಸಾರಿನಾಗ ಹಾಕಿದ್ದೆ ಸಾಹೇಬ್ರ' ಎಂದರು. ಹುಡುಗ ಉಳಿದ. ಆದರೆ ಆಮೇಲೆ ಎಷ್ಟೋ ತಿಂಗಳು ತಾಯಿ ಬಡಿಸಿದ್ದನ್ನು ಮುಟ್ಟಲಿಲ್ಲ.

ಮದುವೆ ಮಾಡಿದರೆ ಸರಿಹೋಗುತ್ತಾನಾ? (ಹಾವೇರಿ, ಗದಗ, ನವಲಗುಂದ, ಇನ್ನೂ ಹಲವು ಊರುಗಳಿಂದ)

ಇಲ್ಲ. ಮೊದಲು ಚಿಕಿತ್ಸೆ ಕೊಡಿಸಿ, ಇನ್ನೊಬ್ಬರ ಮಗಳ ಬಾಳನ್ನು ಇದರಲ್ಲಿ ಎಳೆಯಬೇಡಿ.

ಗಾಂಜಾ ಗಿಡಮೂಲಿಕೆ, ಅಪಾಯ ಇಲ್ಲ ಅಂತ ಮಗ ವಾದ ಮಾಡುತ್ತಾನೆ. (ಗದಗ)

ಉಮ್ಮತ್ತಿಯೂ ಗಿಡವೇ. ನಿಮ್ಮ ಮನೆತನದಲ್ಲಿ ಯಾರಿಗಾದರೂ ಚಿತ್ತಭ್ರಮೆ ಇದ್ದರೆ, ಚಿಕ್ಕ ವಯಸ್ಸಿನಲ್ಲೇ ಶುರುವಾದ ಗಾಂಜಾ ತುಂಬಾ ಅಪಾಯ. ತಡಮಾಡದೆ ತೋರಿಸಿ.

ಮಗನಿಗೆ 20 ವರ್ಷ, ಎಂಜಿನಿಯರಿಂಗ್ ಓದುತ್ತಿದ್ದಾನೆ. ಮೊದಲು ಗಾಂಜಾ ಇತ್ತು, ಈಗ ನೋವಿನ ಗುಳಿಗೆ ನುಂಗುತ್ತಾನೆ. ದಿನಾ 300, 500 ಕೇಳುತ್ತಾನೆ. ಕೊಡದಿದ್ದರೆ ಸಾಮಾನು ಒಡೆಯುತ್ತಾನೆ, ಸಾಯ್ತೀನಿ ಅನ್ನುತ್ತಾನೆ. ಯಜಮಾನರಿಗೆ ಹೇಳಿಲ್ಲ, ಹೇಳಿದರೆ ಹೊಡೆಯುತ್ತಾರೆ. ಎರಡು ಬಳೆ ಮಾರಿದ್ದೇನೆ. ರೊಕ್ಕ ಕೊಡಲಾ, ಬೇಡವಾ? (ಹುಬ್ಬಳ್ಳಿಯಿಂದ ಒಬ್ಬ ತಾಯಿ)

ತಾಯಿ, ನಿಮ್ಮ ಪತ್ರ ಮೂರು ಪುಟ ಇದೆ. ಅದರಲ್ಲಿ ರೊಕ್ಕದ ಮಾತು ಎಂಟು ಕಡೆ ಬರುತ್ತದೆ, ದವಾಖಾನೆಯ ಮಾತು ಒಂದು ಕಡೆಯೂ ಇಲ್ಲ. ಹಾಗಾಗಿ ದವಾಖಾನೆಯಿಂದಲೇ ಶುರು ಮಾಡುತ್ತೇನೆ.

ಹುಡುಗರು ನಶೆಗೆ ನುಂಗುವ ನೋವಿನ ಗುಳಿಗೆಗಳು ಹೆಚ್ಚಾಗಿ ಅಫೀಮಿನ ಜಾತಿಗೆ ಸೇರಿದವು. ರೂಢಿಯಾದ ಮೇಲೆ ಒಂದು ದಿನ ತಪ್ಪಿದರೂ ಆಕಳಿಕೆ, ಮೂಗಲ್ಲಿ ನೀರು, ಮೈ ಜುಮ್ಮೆನ್ನುವುದು, ಕಾಲು ಸೆಳೆತ, ಭೇದಿ ಶುರುವಾಗುತ್ತವೆ. ಸಂಜೆ ನಿಮ್ಮ ಮಗ ಸಾಮಾನು ಒಡೆಯುವುದು ಬರೀ ಸೊಕ್ಕಿನಿಂದ ಅಲ್ಲ, ಅವನ ಮೈ ಆ ಗುಳಿಗೆ ಬೇಡುತ್ತಿರುತ್ತದೆ. ಇದಕ್ಕೆ ಬುಪ್ರೆನಾರ್ಫಿನ್ ತರಹದ ಒಳ್ಳೆಯ ಔಷಧ ಇದೆ. ವೈದ್ಯರ ಕಣ್ಣೆದುರು ಶುರು ಮಾಡಿದರೆ ಆ ನರಳಾಟ ಬಹಳ ಕಮ್ಮಿಯಾಗುತ್ತದೆ. ರೊಕ್ಕ ನಿಲ್ಲಿಸಿ, ಔಷಧ ಕೊಡಿಸದೆ ಕೂತರೆ ಅವನು ಕಳ್ಳತನಕ್ಕೆ ಇಳಿಯಬಹುದು. ನಿಮ್ಮ ಹೆದರಿಕೆ ಸುಳ್ಳಲ್ಲ. ಆದ್ದರಿಂದ ರೊಕ್ಕ ನಿಲ್ಲಿಸುವ ದಿನವೇ ದವಾಖಾನೆಗೆ ಹೋಗುವ ದಾರಿಯೂ ಸಿದ್ಧ ಇರಬೇಕು. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಮಗ ಬರಲ್ಲ ಅಂದರೆ ಮೊದಲ ಸಲ ನೀವೊಬ್ಬರೇ ಹೋಗಿ. ಹಾಗೆ ಹೋಗಬಹುದು ಎಂಬುದೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಇನ್ನು ಯಜಮಾನರ ವಿಷಯ. ಅವರಿಗೆ ಹೇಳಲೇಬೇಕು. ನೀವು ಮುಚ್ಚಿಡುವವರೆಗೆ ಮಗನಿಗೆ ಮನೆಯಲ್ಲಿ ಎರಡು ಬಾಗಿಲು. ಒಂದು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ ಅಂತ ಅವನಿಗೆ ಗೊತ್ತು. ಮೊನ್ನೆ ಒಬ್ಬ ತಾಯಿ ನನ್ನೆದುರು ಕೂತು ಅಳುತ್ತಿದ್ದರು. ನಡುವೆ ಫೋನು ಬಂತು. 'ಹೂಂ ಪಾ, ಹಾಕ್ತೀನಿ' ಅಂದರು. ಕಣ್ಣೊರೆಸುತ್ತಲೇ ಫೋನ್‌ಪೇಯಲ್ಲಿ 500 ಕಳಿಸಿದರು. ಮತ್ತೆ ಅಳತೊಡಗಿದರು. ಕಳಿಸಿದ್ದು ಅವರಿಗೇ ನೆನಪಿರಲಿಲ್ಲ, ಕೈಗೆ ಅಷ್ಟು ರೂಢಿಯಾಗಿತ್ತು.

ಹೊಡೆತದ ಭಯ ಇದ್ದರೆ ಒಬ್ಬರೇ ಹೇಳಬೇಡಿ. ಯಜಮಾನರು ಮಾತು ಕೇಳುವಂಥ ಒಬ್ಬರು, ನಿಮ್ಮ ಅಣ್ಣನೋ ಅವರ ಅಕ್ಕನೋ, ಜೊತೆಗಿರಲಿ. ಒಬ್ಬರು ಸಾಕು. ಕಾಕಾ, ಮಾಮಾ, ಅತ್ತೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ ಮಗನಿಗೆ ಪಂಚಾಯ್ತಿ ಮಾಡಬೇಡಿ. ಹೀಗೆ ಸುಮ್ನೆ ಹೇಳುತ್ತಿಲ್ಲ. 1999ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕುಡಿತ ಬಿಡಲು, ಚಿಕಿತ್ಸೆಗೆ ಬರಲು ಒಪ್ಪದವರ ಮನೆಯ 130 ಜನರಿಗೆ ಮೂರು ಬೇರೆ ಬೇರೆ ರೀತಿಯ ತರಬೇತಿ ಕೊಟ್ಟರು. ಎಲ್ಲರೂ ಸೇರಿ ಎದುರು ಕೂರಿಸಿ ಹೇಳುವ ದಾರಿಯಲ್ಲಿ ಚಿಕಿತ್ಸೆಗೆ ಬಂದವರು ನೂರಕ್ಕೆ 30. ಮನೆಯವರು ದಿನನಿತ್ಯ ತಾವು ನಡೆದುಕೊಳ್ಳುವ ರೀತಿ ಬದಲಿಸುವ ದಾರಿಯಲ್ಲಿ ಬಂದವರು ನೂರಕ್ಕೆ 64. ಅದಕ್ಕೆ ಕ್ರಾಫ್ಟ್ ಎಂದು ಹೆಸರು.

ಆ ದಾರಿ ಹೇಗಿರುತ್ತದೆ ಅಂತ ಕೇಳಿ. ಹೋದ ವಾರ ಮಗ ಒಂದು ದಿನವಾದರೂ ನೆಟ್ಟಗಿದ್ದನಾ? ಅವತ್ತು ನೀವು ಏನು ಮಾಡಿದಿರಿ? ಬಹಳ ಮನೆಗಳಲ್ಲಿ ಅವತ್ತೇ ಬೈಯುತ್ತಾರೆ. ನಶೆಯಲ್ಲಿದ್ದಾಗ ಹೆದರಿ ಬಡಿಸಿ ಮಲಗಿಸುತ್ತಾರೆ, ನೆಟ್ಟಗಿದ್ದ ದಿನ ಹಳೆಯದೆಲ್ಲ ತೆಗೆದು ಕಣ್ಣೀರು ಹಾಕುತ್ತಾರೆ. ಇದನ್ನು ತಿರುವಿ ಹಾಕಿ. ನೆಟ್ಟಗಿದ್ದ ದಿನ ಚಾ ಮಾಡಿ ಜೊತೆಗೆ ಕೂಡಿ, ಅವನಿಗೆ ಇಷ್ಟದ್ದು ಮಾಡಿ, ಕ್ರಿಕೆಟ್ಟಿನ ಮಾತಾಡಿ. ನಶೆಯಲ್ಲಿ ಬಂದ ದಿನ ಜಗಳ ಬೇಡ, ಉಪಚಾರವೂ ಬೇಡ. ಉಸಿರು, ಎಚ್ಚರ ಸರಿಯಾಗಿದೆಯಾ ನೋಡಿಕೊಂಡು ಪಕ್ಕಕ್ಕೆ ಸರಿಯಿರಿ. ಒಡೆದ ಗಾಜನ್ನು ಬೆಳಿಗ್ಗೆ ಅವನೇ ಗುಡಿಸಲಿ. ಕಾಲೇಜಿಗೆ 'ಜ್ವರ ಬಂದಿದೆ' ಅಂತ ಸುಳ್ಳು ಫೋನು ಮಾಡಬೇಡಿ. 'ಸಾಕಾಗಿದೆ ಅವ್ವಾ' ಅಂತ ಅವನು ಯಾವತ್ತೋ ಒಮ್ಮೆ ಅನ್ನುತ್ತಾನೆ. ಆಗ ಹಿಂದಿನದು ತೆಗೆಯಬೇಡಿ. 'ನಡಿ, ಹೋಗೋಣ' ಅನ್ನಿ, ಅವತ್ತೇ ಕರೆದುಕೊಂಡು ಬನ್ನಿ. ಆ ಮನಸ್ಸು ಮರುದಿನಕ್ಕೆ ಉಳಿಯುವುದು ಕಷ್ಟ.

ಕೈಗೆ ರೊಕ್ಕ ಕೊಡಬೇಡಿ. ಪರೀಕ್ಷೆ ಫೀಸನ್ನು ನೀವೇ ಕಟ್ಟಿ, ಬಸ್ ಪಾಸ್ ನೀವೇ ಮಾಡಿಸಿ. ಉಳಿದ ಬಂಗಾರವನ್ನು ಬ್ಯಾಂಕ್ ಲಾಕರಿನಲ್ಲಿಡಿ. ಜೋಳದ ಹಿಟ್ಟಿನ ಡಬ್ಬಿ ಎಷ್ಟು ಭದ್ರ ಅಂತ ನಿಮಗಿಂತ ಅವನಿಗೇ ಜಾಸ್ತಿ ಗೊತ್ತು.

ಸಾಯ್ತೀನಿ ಅನ್ನುವ ಮಾತನ್ನು ನಾಟಕ ಅನ್ನಬೇಡಿ. ನಾನು ಒಮ್ಮೆಯೂ ಹಾಗೆ ಅಂದಿಲ್ಲ, ಅನ್ನುವುದೂ ಇಲ್ಲ. ಆದರೆ ಅದಕ್ಕೆ ಉತ್ತರ 500 ರೂಪಾಯಿ ಅಲ್ಲ. 'ನಿನ್ನ ಜೀವ ನನಗೆ ಬೇಕು, ಈಗಲೇ ದವಾಖಾನೆಗೆ ಹೋಗೋಣ' ಎನ್ನಿ. ಒಬ್ಬನನ್ನೇ ಬಿಡಬೇಡಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆ, ನಿದ್ದೆ ಗುಳಿಗೆ ಇದ್ದರೆ ಹೊರಗೆ ಸಾಗಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ರಾತ್ರಿ ಎಷ್ಟೊತ್ತಿಗೆ ಫೋನು ಮಾಡಿದರೂ ಕನ್ನಡದಲ್ಲಿ ಮಾತಾಡುತ್ತಾರೆ. ಕೈಮೀರಿದರೆ ತುರ್ತು ಸಂಖ್ಯೆ 112.

ಒಂದು ಮಾತು ಮರೆಯಬೇಡಿ. ಚಿಕಿತ್ಸೆ ಶುರುವಾದ ಮೇಲೂ ಅವನು ಮತ್ತೆ ಜಾರಬಹುದು. ಕೆಲವು ವಾರ ಬಿಟ್ಟವನು ಮೊದಲಿನಷ್ಟೇ ಗುಳಿಗೆ ಒಮ್ಮೆಗೆ ನುಂಗಿದರೆ ಉಸಿರು ನಿಲ್ಲಬಹುದು, ಮೈಗೆ ಆ ತಾಳಿಕೆ ಉಳಿದಿರುವುದಿಲ್ಲ. ಹಾಗಾಗಿ 'ಮತ್ತೆ ಮುಟ್ಟಿದರೆ ಮನೆಗೆ ಬರಬೇಡ' ಎಂದು ಹೇಳಬೇಡಿ. ಜಾರಿದರೆ ಮೊದಲು ನಿಮಗೇ ಹೇಳುವಷ್ಟು ದಾರಿ ಇಟ್ಟಿರಿ.

ಪತ್ರದ ಕೊನೆಯಲ್ಲಿ, ನನ್ನ ಬಿಪಿ ಗುಳಿಗೆ ನಿಲ್ಲಿಸಿದ್ದೇನೆ ಅಂತ ಬರೆದಿದ್ದೀರಿ. ನಾಳೆಯಿಂದಲೇ ಶುರು ಮಾಡಿ. ಮಗನ ಚಟ ಬಿಡಿಸುವುದು ಆರು ತಿಂಗಳಲ್ಲಿ ಮುಗಿಯುವ ಕೆಲಸ ಅಲ್ಲ.

ಮೂರು ದಿನ ಖೋಲಿಯಲ್ಲಿ ಕೂಡಿ ಹಾಕಿದರೆ ಕುಡಿತ ಬಿಡುತ್ತಾನಂತೆ. (ಮುಂಡರಗಿ)

ದಿನಾ ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಮೂರನೆಯ ದಿನದ ಹೊತ್ತಿಗೆ ಭ್ರಮೆ ಹಿಡಿದು ಜೀವಕ್ಕೇ ಕುತ್ತಾಗಬಹುದು. ಚಿಲಕ ತೆಗೆಯಿರಿ, ದವಾಖಾನೆಗೆ ತನ್ನಿ.

ಚಟ ಬಿಡಿಸುವ ಒಂದು ಕೇಂದ್ರದವರು ರಾತ್ರಿ ಗಾಡಿ ತಂದು ಎತ್ತಿಕೊಂಡು ಹೋಗುತ್ತಾರಂತೆ, ಮೂರು ತಿಂಗಳು ಭೇಟಿ ಇಲ್ಲವಂತೆ. (ಧಾರವಾಡ)

ಬೇಡ. ಚಿಕಿತ್ಸೆಯ ಹೆಸರಲ್ಲಿ ಸರಪಳಿ ಹಾಕುವುದನ್ನೂ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಅಲ್ಲಿ ಮನೋವೈದ್ಯರು ಯಾರು, ನೋಂದಣಿ ಇದೆಯಾ, ನೀವು ಬಂದು ನೋಡಬಹುದಾ, ಕೇಳಿ. ಒಂದಕ್ಕೆ ತಡವರಿಸಿದರೂ ಎದ್ದು ಬನ್ನಿ.

ದವಾಖಾನೆಗೆ ತಂದರೆ ಪೊಲೀಸರಿಗೆ ಹೇಳುತ್ತೀರಾ? (ಹುಬ್ಬಳ್ಳಿಯಿಂದ ಒಬ್ಬ ತಂದೆ)

ಇಲ್ಲ. ಚಿಕಿತ್ಸೆಗೆ ಬಂದವನ ವಿಷಯ ನಮ್ಮಲ್ಲೇ ಉಳಿಯುತ್ತದೆ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲೂ, ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಶಿಕ್ಷೆಯ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ನಾಳೆಯೇ ಕರೆದುಕೊಂಡು ಬನ್ನಿ. ವೈದ್ಯರ ಹಳೆಯ ಚೀಟಿ ಇದ್ದರೆ ತನ್ನಿ. ಅವನು ನುಂಗಿದ ಗುಳಿಗೆಯ ಖಾಲಿ ಪಟ್ಟಿ ಹಾಸಿಗೆ ಕೆಳಗೆ ಸಿಕ್ಕರೆ ಎಸೆಯಬೇಡಿ, ಅದನ್ನೂ ತನ್ನಿ.