ಫರ್ಗಸ್ ಹೆಂಡರ್ಸನ್ ಬ್ರಿಟನ್‌ನ ಅಷ್ಟು ದೊಡ್ಡ ಬಾಣಸಿಗ ಅನ್ನಿಸಿಕೊಂಡಿದ್ದು ಹೇಗೆ?

ಬೇರೆಯವರು ಎಸೆಯುತ್ತಿದ್ದ ಮಾಂಸದ ಭಾಗಗಳಿಗೆ ಮರ್ಯಾದೆ ತಂದುಕೊಟ್ಟು.

1963ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಅವರು ಓದಿದ್ದು ಆರ್ಕಿಟೆಕ್ಚರ್. 1994ರಲ್ಲಿ ರೆಸ್ಟೋರೆಂಟ್ ಉದ್ಯಮಿ ಟ್ರೆವರ್ ಗಲಿವರ್ ಜೊತೆ ಸೇರಿ ಲಂಡನ್‌ನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆ ಹತ್ತಿರ 'ಸೇಂಟ್ ಜಾನ್' ರೆಸ್ಟೋರೆಂಟ್ ತೆರೆದರು. ಬರೀ ಬಿಳಿ ಗೋಡೆ, ಹಾಡು ಇಲ್ಲ, ಅಲಂಕಾರ ಇಲ್ಲ. ಪ್ರಾಣಿಯನ್ನು ಕೊಂದ ಮೇಲೆ ಮೂಗಿನಿಂದ ಬಾಲದವರೆಗೂ ಬಳಸಬೇಕು, ಅದೇ ಅದಕ್ಕೆ ತೋರಿಸೋ ಗೌರವ ಅನ್ನೋದು ಅವರ ನಂಬಿಕೆ.

ಅಲ್ಲಿ ಎಲ್ಲಕ್ಕಿಂತ ಹೆಸರಾಗಿದ್ದು ಮಜ್ಜೆಯ ಮೂಳೆ. ಓವನ್‌ನಲ್ಲಿ ಹುರಿದ ಕರುವಿನ ಮೂಳೆ, ಟೋಸ್ಟ್, ದಪ್ಪ ಸಮುದ್ರದ ಉಪ್ಪು, ಕೊತ್ತಂಬರಿಯಂಥ ಪಾರ್ಸ್ಲಿ ಸೊಪ್ಪಿನ ನಿಂಬೆಹುಳಿ ಸಲಾಡ್. ಮಜ್ಜೆ ಕೆರೆದು ಟೋಸ್ಟ್ ಮೇಲೆ ಸವರಿಕೊಳ್ಳೋದು, ಉಪ್ಪು ಉದುರಿಸಿಕೊಳ್ಳೋದು ತಿನ್ನೋರ ಕೆಲಸ. ಇಷ್ಟು ಸರಳ ತಟ್ಟೆ ಪ್ರಪಂಚದ ಎಷ್ಟೋ ಬಾಣಸಿಗರ ಯೋಚನೆಯನ್ನೇ ಬದಲಿಸಿತು ಅಂದ್ರೆ ಸಣ್ಣ ಮಾತಲ್ಲ, ಅಲ್ವಾ?

1998ರಲ್ಲಿ ಅವರಿಗೆ ಮೈಯ ಚಲನೆಯ ಹಿಡಿತ ತಪ್ಪಿಸೋ ಪಾರ್ಕಿನ್ಸನ್ ಕಾಯಿಲೆ ಇರೋದು ಗೊತ್ತಾಯಿತು. ಒಲೆ ಮುಂದೆ ನಿಲ್ಲೋದು ಕಷ್ಟವಾದರೂ ರೆಸ್ಟೋರೆಂಟ್ ಕೈಬಿಡಲಿಲ್ಲ. 2005ರಲ್ಲಿ ಅದಕ್ಕಾಗಿ ಮೆದುಳಿಗೆ ಶಸ್ತ್ರಚಿಕಿತ್ಸೆ ಆಯಿತು. 2009ರಲ್ಲಿ ಸೇಂಟ್ ಜಾನ್‌ಗೆ ಮಿಶೆಲಿನ್ ಸ್ಟಾರ್ ಬಂತು, ಅಂದ್ರೆ ರೆಸ್ಟೋರೆಂಟ್‌ಗಳಿಗೆ ಸಿಗೋ ಹೆಸರಾಂತ ಗೌರವ.