ಗುಜರಿಯವನನ್ನ ಇವತ್ತೇ ಕರೀಬೇಡಿ ಸಾರ್

ಪೀಣ್ಯ 2ನೇ ಹಂತದಿಂದ ಬರೆದಿದೀರ, ಇಪ್ಪತ್ತು ವರ್ಷದ ಹಳೇ ಮಷೀನ್ ಶಾಪು, ರ‍್ಯಾಕಲ್ಲಿ ತುಂಬಿರೋ ಡ್ರಾಯಿಂಗು, ಜಾಬ್ ಅಂದ್ರೆ ಕೆಲಸದ ತುಂಡನ್ನ ಹಿಡಿಯೋಕೆ, ಟೂಲಿಗೆ ದಾರಿ ತೋರ್ಸೋಕೆ ಮಾಡಿದ ಜಿಗ್ಗು, ಫಿಕ್ಸ್ಚರ್ ಎಲ್ಲಾ ತೂಕಕ್ಕೆ ಹಾಕಿ ಹೊಸ ಸಾಫ್ಟ್‌ವೇರ್ ತಗೊಳ್ಳೋಣ ಅಂತ ಮಗ ಹಠ ಹಿಡಿದಿದಾನೆ, ಏನ್ಮಾಡ್ಲಿ ಅಂತ. ಮಗಂದು ಪೂರ್ತಿ ತಪ್ಪು ಅನ್ನಲ್ಲ, ಆದ್ರೆ ಸಾಫ್ಟ್‌ವೇರ್ ಆಮೇಲಿನ ಮಾತು.

ನಿಮ್ಮ ಪತ್ರದಲ್ಲೇ ವಿಷಯ ಇದೆ ನೋಡಿ. ಒಂದೇ ಥರದ ಫ್ಲೇಂಜು (ಬೋಲ್ಟ್ ಹಾಕಿ ಜೋಡಿಸೋ ದುಂಡು ತಟ್ಟೆ), ಮೂರು ಪಾರ್ಟಿಗೆ ಮೂರು ಸಲ ಮೊದಲಿಂದ ಡ್ರಾಯಿಂಗ್ ಮಾಡಿದೀರ, ಎರಡರಲ್ಲಿ ಪಿಸಿಡಿ, ಅಂದ್ರೆ ಬೋಲ್ಟ್ ತೂತುಗಳು ಕೂರೋ ವೃತ್ತದ ವ್ಯಾಸ, 80, ಒಂದರಲ್ಲಿ 82, ಯಾಕೆ ಅಂತ ನಿಮಗೇ ನೆನಪಿಲ್ಲ. ಹಳೇದು ಇರ್ಲಿಲ್ಲ ಅಂತಲ್ಲ, ಸಿಗ್ಲಿಲ್ಲ. ಸಿಗೋದಾದ್ರೂ ಹೇಗೆ, ಫೈಲ್ ಮೇಲೆ ಬರೆದಿರೋದು ಪಾರ್ಟಿ ಹೆಸರು, ಹುಡುಕೋ ಹುಡುಗನ ತಲೇಲಿರೋದು ದುಂಡಗಿದೆ, ನಡುವೆ ಬೋರು, ಸುತ್ತ 4 ತೂತು ಅಂತ! ಆಕಾರ ನೋಡಿ ನಂಬರ್ ಕೊಡೋದನ್ನ ಜರ್ಮನಿಯ ಆಖೆನ್‌ನಲ್ಲಿ ಓಪಿಟ್ಜ್ ಅನ್ನೋರು 1960ರ ದಶಕದಲ್ಲೇ ಮಾಡಿಟ್ರು, ಆಕಾರಕ್ಕೆ 5 ಅಂಕಿ, ಅಳತೆ, ಮೆಟೀರಿಯಲ್ಲು, ಕಚ್ಚಾ ಮಾಲಿನ ರೂಪ, ಅಕ್ಯುರಸಿಗೆ ಇನ್ನೂ 4. ನಿಮಗೆ ಅಷ್ಟೂ ಬೇಡ, ದುಂಡೋ ಚೌಕೋ, ಎಷ್ಟು ದೊಡ್ಡದು, ಯಾವ ಮೆಟೀರಿಯಲ್ಲು, ಮೂರೇ ಸಾಕು, ಎಕ್ಸೆಲ್ ಶೀಟಲ್ಲೇ ಆಗುತ್ತೆ.

ಹಾಗೆ ಗುಂಪು ಮಾಡಿದ್ಮೇಲೆ ಸಣ್ಣಪುಟ್ಟ ದಂಡಗಳೂ ಕಣ್ಣಿಗೆ ಬೀಳುತ್ವೆ. ಎಂ6 ಬೋಲ್ಟಿಗೆ, ಅಂದ್ರೆ 6 ಮಿ.ಮೀ. ದಪ್ಪದ್ದಕ್ಕೆ, ಒಬ್ಬ 6.4 ತೂತು ಬಿಡ್ತಾನೆ, ಇನ್ನೊಬ್ಬ 6.6, ಎರಡೂ ಸ್ಟ್ಯಾಂಡರ್ಡಲ್ಲಿ ಇರೋದೇ, ಆದ್ರೆ ಬಿಗಿ ಬೇಡದ ಕಡೆಯೆಲ್ಲ 6.6 ಅಂತ ಗಟ್ಟಿ ಮಾಡಿದ್ರೆ ಡ್ರಿಲ್ ಬದಲಾಯಿಸೋ ಕೆಲಸವೇ ತಪ್ಪುತ್ತೆ.

ಒಂದು ಎಚ್ಚರಿಕೆ, ಇದು ನನ್ನ ತಲೆ ಮೇಲೇ ಬಂದಿದ್ದು. ಪತ್ರಿಕೆಗೆ ಬರೋ ಮುಂಚೆ ಒಂದು ಶಾಪಲ್ಲಿ ಸಿಎನ್‌ಸಿ ಮಿಲ್ಲಿಂಗ್ (ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಓಡೋ ಕಟಿಂಗ್ ಮಷೀನ್) ನೋಡ್ಕೋತಿದ್ದೆ, ಹಳೇ ಪ್ರೋಗ್ರಾಂ ಸಿಕ್ತಲ್ಲ ಅಂತ ಖುಷೀಲಿ ಲೋಡ್ ಮಾಡಿ ಸ್ಟಾರ್ಟ್ ಒತ್ತಿದೆ, ಜಾಬ್ ಹಿಡಿಯೋ ವೈಸ್ ಬದಲಾಗಿತ್ತು, ಜಾಬ್ ಎಲ್ಲಿದೆ ಅಂತ ಮಷೀನಿಗೆ ಹೇಳೋ ಜಿ54 ಆಫ್‌ಸೆಟ್ ನೋಡಿರ್ಲಿಲ್ಲ, ಕಟರ್ ನೇರ ಹೋಗಿ ವೈಸಿನ ದವಡೆಗೆ ಕೂತ್ಕೊಂತು. ಆ ಸದ್ದು ಈಗ್ಲೂ ಕಿವೀಲಿದೆ. ಅದಕ್ಕೇ ಪ್ರೋಗ್ರಾಂ ಜೊತೆ ಸೆಟಪ್ ಶೀಟು, ಟೂಲ್ ಲಿಸ್ಟು, ಜಾಬ್ ಹೇಗೆ ಹಿಡಿದಿತ್ತು ಅಂತ ಮೊಬೈಲಲ್ಲಿ ತೆಗೆದ ಒಂದು ಫೋಟೋ, ಇಷ್ಟಿಲ್ಲದಿದ್ರೆ ಅದನ್ನ ಮುಟ್ಟಬೇಡಿ.

ಮತ್ತೆ, ಪಾರ್ಟಿ ದುಡ್ಡಲ್ಲಿ ಮಾಡಿಸಿದ ಫಿಕ್ಸ್ಚರು, ಅವರು ಕೊಟ್ಟ ಡ್ರಾಯಿಂಗು ನಿಮ್ಮದಲ್ಲ, ಅವರನ್ನ ಕೇಳದೆ ಇನ್ನೊಬ್ಬರ ಜಾಬಿಗೆ ಹಾಕೋದೂ ಬೇಡ, ಗುಜರಿಗೆ ಕಳಿಸೋದಂತೂ ಬೇಡವೇ ಬೇಡ.

ನಿಮ್ಮ ಫೋರ್ಮನ್ ಈ ವರ್ಷ ರಿಟೈರ್ ಆಗ್ತಿದಾರೆ ಅಂತ ಕೊನೇಲಿ ಒಂದು ಸಾಲು ಬರೆದಿದೀರಲ್ಲ, ನಾನಾಗಿದ್ರೆ ಪತ್ರ ಅಲ್ಲಿಂದಲೇ ಶುರು ಮಾಡ್ತಿದ್ದೆ. ನಾಲ್ಕು ಶನಿವಾರ ಮಗನನ್ನ ಅವರ ಜೊತೆ ರ‍್ಯಾಕ್ ಮುಂದೆ ಕೂರ್ಸಿ. ಆ 82 ಯಾಕಾಯ್ತು ಅಂತ ಮೊದಲು ಕೇಳ್ಲಿ.